ಮಾರದ ಮನೆಯ ಬೆಲೆ

ಧಾರವಾಡದ ಮಾಳಮಡ್ಡಿ, ಸಪ್ತಾಪುರ, ನಾರಾಯಣಪುರದಂಥ ಹಳೆಯ ಓಣಿಗಳಲ್ಲಿ ಮನೆ ಮಾರಲು ಕೂತವರನ್ನು ಕೇಳಿ ನೋಡಿ, ಉತ್ತರ ಬಹುಪಾಲು ಒಂದೇ: “ಅವಸರೇನೈತ್ರಿ? ಮಾರಿದ್ರ ಲುಕ್ಸಾನು. ಇಟ್ಕೊಂಡ್ರ ಏನ್ ಹೋಗ್ತದ? ಮನಿ ಎಲ್ಲೂ ಓಡಿ ಹೋಗೂದಿಲ್ಲ.” ಗೇಟಿಗೆ ಕಟ್ಟಿದ ‘ಮನೆ ಮಾರಾಟಕ್ಕಿದೆ’ ಎಂಬ ತಗಡಿನ ಫಲಕ ಮಳೆಗೆ ತೊಯ್ದು, ಬಿಸಿಲಿಗೆ ಒಣಗಿ, ಫೋನ್ ನಂಬರಿನ ಕೊನೆಯ ಅಂಕಿಗಳು ಅಳಿಸಿಹೋಗಿರುತ್ತವೆ, ಹೇಳುವ ಬೆಲೆ ಮಾತ್ರ ಮೊದಲ ದಿನದ್ದೇ. ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ, ಕೆಲವರು ಇನ್ನೂ ದೂರ ಹೋಗಿದ್ದಾರೆ. ಮನೆಯಲ್ಲಿ ಇರುವವರು ಇಬ್ಬರು, ಅಥವಾ ಒಬ್ಬರು, ಅಥವಾ ಬೀಗ. ಧಾರವಾಡಕ್ಕಷ್ಟೇ ಅಂಟಿದ ಮಾತಲ್ಲ ಇದು. ದಿನಕ್ಕೊಂದು ಖರೇದಿ ಆಗದ, ಗಿರಾಕಿಗಳು ವಿರಳವಾಗಿರುವ ಯಾವ ಊರಿಗೂ ಹೊಂದುತ್ತದೆ. ನನಗೆ ಪರಿಚಿತ ಊರಾದ್ದರಿಂದ ಉದಾಹರಣೆಗೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಈ ನಂಬಿಕೆಯನ್ನು ದಡ್ಡತನವೆಂದು ತಳ್ಳಿಹಾಕುವುದು ಸಲ್ಲದು. ಅದರ ಹಿಂದೆ ಒಂದು ತಲೆಮಾರಿನ ಅನುಭವವಿದೆ. 1980ರ ದಶಕದಲ್ಲಿ ಸಾಲಸೋಲ ಮಾಡಿ ಎರಡು ಗುಂಟೆ ಜಾಗ ಹಿಡಿದ ಮಾಸ್ತರರು, ಗುಮಾಸ್ತರು ನಿವೃತ್ತರಾಗುವ ಹೊತ್ತಿಗೆ, ಇಡೀ ನೌಕರಿಯಲ್ಲಿ ಎಣಿಸಿದ ಪಗಾರಕ್ಕಿಂತ ಹೆಚ್ಚು ಬೆಲೆಯ ಆಸ್ತಿಗೆ ಒಡೆಯರಾದದ್ದನ್ನು ಎಲ್ಲರೂ ಕಂಡಿದ್ದಾರೆ. ಅವಸರಕ್ಕೆ ಮಾರಿದವರು ಕೈ ಕೈ ಹಿಸುಕಿಕೊಂಡದ್ದನ್ನೂ ಕಂಡಿದ್ದಾರೆ. ಊರಿಗೆ ಆಗಾಗ ಏನಾದರೊಂದು ಬರುತ್ತಲೇ ಇದೆ: 2008ರಲ್ಲಿ ಹೈಕೋರ್ಟಿನ ಪೀಠ, 2016ರಲ್ಲಿ ಐಐಟಿ, 2018ರಲ್ಲಿ ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸು, 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆಗೆ ಸಂಪುಟದ ಒಪ್ಪಿಗೆಯೂ ಆಯಿತು. ಇನ್ನೊಂದು ವಾದ ಎಲ್ಲಕ್ಕಿಂತ ಹಳೆಯದು: ಭೂಮಿ ಹೆಚ್ಚಾಗುವುದಿಲ್ಲ, ಮಂದಿ ಹೆಚ್ಚಾಗುತ್ತಾರೆ. ಷೇರಿನಂತೆ ಮನೆಯ ಬೆಲೆ ದಿನಾ ಬೆಳಿಗ್ಗೆ ಪೇಪರಿನಲ್ಲಿ ಬಂದು ಹೆದರಿಸುವುದಿಲ್ಲ. ಸಾಲ ತೀರಿದ ಮನೆಯಾದರೆ ಬ್ಯಾಂಕಿನವರೂ ಬಾಗಿಲು ತಟ್ಟುವುದಿಲ್ಲ. ಹಾಗಿರುವಾಗ ಕಡಿಮೆ ಬೆಲೆಗೆ ಕೊಡುವುದೇಕೆ?

ಇದರಲ್ಲಿ ಮೂರು ಬೇರೆ ಬೇರೆ ಹೇಳಿಕೆಗಳು ಒಂದರೊಳಗೊಂದು ಬೆರೆತಿವೆ.

1. ಮನೆಯ ಬೆಲೆ ಇಳಿಯುವುದಿಲ್ಲ.
2. ಇಳಿದರೂ, ಮಾರದಿದ್ದರೆ ನಷ್ಟವಿಲ್ಲ.
3. ಕಾದರೆ ಕೇಳಿದ ಬೆಲೆ ಬಂದೇ ಬರುತ್ತದೆ.

ಮೊದಲನೆಯದನ್ನು ಪ್ರಶ್ನಿಸಿದರೆ ಎರಡನೆಯದನ್ನು ಮುಂದಿಡುತ್ತಾರೆ, ಎರಡನೆಯದನ್ನು ಕೆದಕಿದರೆ ಮೂರನೆಯದಕ್ಕೆ ಜಿಗಿಯುತ್ತಾರೆ, ಮೂರನೆಯದಕ್ಕೆ ಆಧಾರ ಕೇಳಿದರೆ ತಿರುಗಿ ಮೊದಲನೆಯದಕ್ಕೇ ಬರುತ್ತಾರೆ. ಒಂದೊಂದನ್ನೇ ಬಿಡಿಸಿ ನೋಡಬೇಕು.

ಬೆಲೆ ಇಳಿದಿಲ್ಲ ಎನ್ನುವಾಗ ಯಾವ ಬೆಲೆಯ ಮಾತು ಆಡುತ್ತಿದ್ದೇವೆ? ಮಾರುವವರು ಹೇಳುವುದು ಒಂದು, ಗಿರಾಕಿ ಕೇಳುವುದು ಇನ್ನೊಂದು, ಖರೇದಿ ಪತ್ರ ಆದಾಗ ಕೈ ಬದಲಾಯಿಸಿದ ಹಣ ಮೂರನೆಯದು. ಚುರುಕಾದ ಪೇಟೆಯಲ್ಲಿ ಈ ಮೂರೂ ಹತ್ತಿರ ಹತ್ತಿರ ಇರುತ್ತವೆ, ಏಕೆಂದರೆ ವಾರಕ್ಕೆ ಹತ್ತು ಖರೇದಿ ಆಗುವ ಕಡೆ ಯಾರೂ ಬಹಳ ದಿನ ಭ್ರಮೆಯಲ್ಲಿ ಇರಲಾರರು. ಮಂದ ಪೇಟೆಯಲ್ಲಿ ಮೂರನೆಯ ಬೆಲೆ ಅಪರೂಪಕ್ಕೊಮ್ಮೆ ಕಾಣುತ್ತದೆ. ಉಳಿದ ದಿನವೆಲ್ಲ ಓಣಿಯಲ್ಲಿ ಓಡಾಡುವುದು ಮೊದಲನೆಯದು. ಆ ಓಣಿಯಲ್ಲಿ ಒಂದು ಮನೆ 90 ಲಕ್ಷಕ್ಕೆ ಹೋಯಿತು ಎನ್ನುವ ಸುದ್ದಿ ವರ್ಷಗಟ್ಟಲೆ ಬದುಕುತ್ತದೆ. ಕೊಂಡವರು ಪಕ್ಕದ ಮನೆಯವರೇ, ಎರಡೂ ಜಾಗ ಕೂಡಿಸಿ ಅಪಾರ್ಟ್‌ಮೆಂಟ್ ಕಟ್ಟಿಸುವ ಲೆಕ್ಕದಲ್ಲಿ ಹೆಚ್ಚು ಕೊಟ್ಟರು ಎನ್ನುವ ವಿವರ ಆ ಸುದ್ದಿಯ ಜೊತೆ ಬರುವುದಿಲ್ಲ. ಅದೇ ಓಣಿಯಲ್ಲಿ 55 ಲಕ್ಷಕ್ಕೂ ಗಿರಾಕಿ ಸಿಗದೆ ಉಳಿದ ಮೂರು ಮನೆಗಳು ಸುದ್ದಿಯೇ ಆಗುವುದಿಲ್ಲ, ಏಕೆಂದರೆ ಅಲ್ಲಿ ಏನೂ ನಡೆದಿಲ್ಲ. ಆಗದ ಮಾರಾಟವೂ ಬೆಲೆಯ ಬಗ್ಗೆ ಒಂದು ಸಾಕ್ಷಿ. ಆ ಸಾಕ್ಷಿಯನ್ನು ಹೊರಗಿಟ್ಟು, ಆದ ಮಾರಾಟಗಳನ್ನಷ್ಟೇ ಕೂಡಿಸಿದರೆ ಬೆಲೆ ಇಳಿದಿಲ್ಲ ಎಂದೇ ಕಾಣುತ್ತದೆ. ಮನೆಗಳ ಪೇಟೆ ಬಿದ್ದಾಗ ಮೊದಲು ಕುಸಿಯುವುದು ಖರೇದಿಗಳ ಸಂಖ್ಯೆ. ರೂಪಾಯಿಯ ಲೆಕ್ಕ ಕುಸಿಯುವುದು ತಡವಾಗಿ, ಕೆಲವೊಮ್ಮೆ ಕುಸಿಯುವುದೇ ಇಲ್ಲ. ಇಳಿಕೆ ಕಾಲದ ರೂಪದಲ್ಲಿ ಬಂದಿರುತ್ತದೆ: ಹಿಂದೆ ಮೂರು ತಿಂಗಳಲ್ಲಿ ಹೋಗುತ್ತಿದ್ದ ಮನೆ ಈಗ ಮೂರು ವರ್ಷ ತೆಗೆದುಕೊಳ್ಳುತ್ತದೆ.

ಇದು ನಮ್ಮವರ ಹಠ ಎಂದೂ ತಿಳಿಯಬೇಕಿಲ್ಲ. ಡೇವಿಡ್ ಜೆನೆಸೋವ್, ಕ್ರಿಸ್ಟಫರ್ ಮೇಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬೋಸ್ಟನ್ ನಗರದ ನಡುಭಾಗದ ಫ್ಲ್ಯಾಟುಗಳ 1990ರಿಂದ 1997ರವರೆಗಿನ ಮಾರಾಟವನ್ನು ಅಭ್ಯಾಸ ಮಾಡಿ 2001ರಲ್ಲಿ ಪ್ರಕಟಿಸಿದರು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದ ಸ್ಥಿತಿಯಲ್ಲಿದ್ದವರು, ಬರಬಹುದಾದ ಬೆಲೆಗೂ ತಾವು ಕೊಂಡ ಬೆಲೆಗೂ ಇರುವ ವ್ಯತ್ಯಾಸದ ಶೇ 25ರಿಂದ 35ರಷ್ಟನ್ನು ಹೆಚ್ಚಿಗೆ ಸೇರಿಸಿ ಬೆಲೆ ಹೇಳುತ್ತಿದ್ದರು. ಕಡೆಗೆ ಅವರಿಗೆ ಹೆಚ್ಚಿಗೆ ಸಿಕ್ಕದ್ದು ಆ ವ್ಯತ್ಯಾಸದ ಶೇ 3ರಿಂದ 18ರಷ್ಟು. ಅವರ ಫ್ಲ್ಯಾಟುಗಳು ಉಳಿದವರದಕ್ಕಿಂತ ಬಹಳ ನಿಧಾನ ಮಾರಾಟವಾದವು. ನಮ್ಮ ಲೆಕ್ಕಕ್ಕೆ ತಂದರೆ, 60 ಲಕ್ಷಕ್ಕೆ ಕೊಂಡು ಈಗ 50 ಬರಬಹುದಾದ ಮನೆಗೆ ಎರಡೂವರೆಯಿಂದ ಮೂರೂವರೆ ಲಕ್ಷ ಏರಿಸಿ ಹೇಳಿದವರಿಗೆ ದಕ್ಕಿದ್ದು ಮೂವತ್ತು ಸಾವಿರದಿಂದ ಒಂದು ಲಕ್ಷ ಎಂಬತ್ತು ಸಾವಿರ. ಹಿಡಿದು ನಿಂತರೆ ಏನೂ ಸಿಗುವುದಿಲ್ಲ ಎಂದು ಈ ಅಧ್ಯಯನ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಸ್ವಲ್ಪ ಸಿಗುತ್ತದೆ. ಆ ಸ್ವಲ್ಪಕ್ಕೆ ಕೊಟ್ಟ ಕಾಲದ ಬೆಲೆ ಎಷ್ಟು ಎಂಬ ಪ್ರಶ್ನೆ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ರಾಜ್ಯದಲ್ಲಿ ಬೆಲೆಯ ಇಳಿಕೆ ಕಣ್ಣಿಗೆ ಬೀಳದಿರಲು ಇನ್ನೊಂದು, ಇದಕ್ಕಿಂತ ಗಟ್ಟಿ ಕಾರಣವಿದೆ: ಅದು ದಾಖಲೆಗೇ ಬರುವುದಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಪ್ರತಿ ಓಣಿಗೂ ಒಂದು ಮಾರ್ಗಸೂಚಿ ದರ ಇರುತ್ತದೆ. ಜನ ಅದನ್ನು ‘ಸರಕಾರಿ ರೇಟು’ ಎನ್ನುತ್ತಾರೆ. ಖರೇದಿ ಎಷ್ಟಕ್ಕೇ ಆಗಲಿ, ಮುದ್ರಾಂಕ ಶುಲ್ಕವನ್ನು ಈ ದರಕ್ಕಿಂತ ಕಡಿಮೆ ಮೊತ್ತದ ಮೇಲೆ ಕಟ್ಟಿಸಿಕೊಳ್ಳುವುದಿಲ್ಲ. ಎಲ್ಲರಿಗೂ ಗೊತ್ತಿರುವಂತೆ, ಚೆನ್ನಾಗಿ ನಡೆಯುವ ಕಾಲದಲ್ಲಿ ಪತ್ರದಲ್ಲಿ ಬರೆಯುವುದು ಸರಕಾರಿ ರೇಟಿನ ಆಸುಪಾಸಿನ ಮೊತ್ತ, ಉಳಿದದ್ದು ನಗದು. 60 ಲಕ್ಷದ ಮನೆ, ಪತ್ರದಲ್ಲಿ 45, ನಗದು 15 ಎಂದಿಟ್ಟುಕೊಳ್ಳಿ. ಪೇಟೆ ಬಿದ್ದು ಆ ಮನೆ 52ಕ್ಕೆ ಹೋಯಿತು. ಪತ್ರದಲ್ಲಿ ಈಗಲೂ 45, ನಗದು 7. ಎಂಟು ಲಕ್ಷ ಇಳಿದದ್ದು ಪೂರ್ತಿಯಾಗಿ ಚೀಲದೊಳಗಿನ ಹಣದಲ್ಲಿ. ದಾಖಲೆಯ ಪ್ರಕಾರ ಒಂದು ರೂಪಾಯಿಯೂ ಇಳಿದಿಲ್ಲ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ತಯಾರಾಗುವುದೂ ನೋಂದಣಿ ಕಚೇರಿಗಳ ಅಂಕಿಅಂಶದಿಂದಲೇ ಎನ್ನುವುದನ್ನು ನೆನೆದರೆ, ಅಂಥ ಸೂಚ್ಯಂಕಗಳ ನಯವಾದ ಏರುಗೆರೆಯನ್ನು ಎಷ್ಟು ನಂಬಬೇಕೆಂಬುದು ತಿಳಿಯುತ್ತದೆ. ನಿಜ ಬೆಲೆ ಸರಕಾರಿ ರೇಟಿಗಿಂತಲೂ ಕೆಳಗೆ ಹೋದರೆ ಪರಿಸ್ಥಿತಿ ಇನ್ನೂ ವಿಚಿತ್ರ. ಆಗ ಕೊಳ್ಳುವವರು ತಾವು ಕೊಡದ ಹಣದ ಮೇಲೂ ಮುದ್ರಾಂಕ ಶುಲ್ಕ ಕಟ್ಟಬೇಕು. ವ್ಯತ್ಯಾಸ ಶೇ 10 ಮೀರಿದರೆ ಆದಾಯ ತೆರಿಗೆಯವರು ಮಾರಿದವರಿಗೆ ಬಾರದ ಹಣವನ್ನು ಬಂದಂತೆಯೂ, ಕೊಂಡವರಿಗೆ ಆಗದ ಲಾಭವನ್ನು ಆದಂತೆಯೂ ಎಣಿಸುತ್ತಾರೆ. ದರ ಹೆಚ್ಚಾಯಿತೆಂದು ತಕರಾರು ತೆಗೆಯುವ ದಾರಿ ಎರಡೂ ಕಾನೂನುಗಳಲ್ಲಿ ಇದೆ, ಆದರೆ ಆಯುಷ್ಯದಲ್ಲಿ ಒಂದೇ ಒಂದು ಮನೆ ಮಾರುವವರು ಅಷ್ಟು ದೂರ ನಡೆಯುವುದಿಲ್ಲ. ಹೀಗಾಗಿ ಅಂಥ ಕಡೆ ಖರೇದಿಯೇ ನಿಂತುಹೋಗುತ್ತದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ದರಗಳನ್ನು ಏರಿಸಿದಾಗ ಬೆಂಗಳೂರಿನ ಹೊರವಲಯಕ್ಕೆ ಅದು ತಟ್ಟಿದ ರೀತಿಯೇ ಬೇರೆ, ಸಣ್ಣ ಊರಿನ ಹಳೆಯ ಓಣಿಗೆ ತಟ್ಟಿದ ರೀತಿಯೇ ಬೇರೆ. ಸರಕಾರಿ ದರ ಇಳಿಯದಿರುವುದನ್ನು ಮನೆಯ ಬೆಲೆ ಇಳಿಯದಿರುವುದಕ್ಕೆ ಪುರಾವೆಯಾಗಿ ಕೊಡುವವರು ಸಿಗುತ್ತಾರೆ. ತೆರಿಗೆ ಎಣಿಸಲು ಹಾಕಿಕೊಂಡ ದರ ಅದು. ಆ ದರಕ್ಕೆ ಸರಕಾರವೇನೂ ನಿಮ್ಮ ಮನೆ ಕೊಳ್ಳುವುದಿಲ್ಲ.

ಭೂಮಿ ಹೆಚ್ಚಾಗುವುದಿಲ್ಲ ಎಂಬ ಮಾತನ್ನು ಬೇಗ ಮುಗಿಸಬಹುದು. ಪೇಟೆಯಲ್ಲಿ ಮಾರಾಟವಾಗುವುದು ಭೂಗೋಳದ ಭೂಮಿ ಅಲ್ಲ, ಎನ್.ಎ. (ಕೃಷಿಯೇತರ) ಆದ, ರಸ್ತೆ–ನೀರು–ಉತಾರ ಇರುವ ಪ್ಲಾಟು. ಅದು ಖಂಡಿತ ಹೆಚ್ಚಾಗುತ್ತದೆ. ಕೆಲಗೇರಿ, ಸತ್ತೂರು, ನವಲೂರಿನ ಕಡೆ ಹೊಲಗಳು ಬಡಾವಣೆಗಳಾದದ್ದು ನಮ್ಮ ಕಣ್ಣೆದುರಿಗೇ. ಮಂದಿ ಹೆಚ್ಚಾಗುವುದೂ ಎಲ್ಲ ಕಡೆ ಒಂದೇ ಸಮನೆ ಅಲ್ಲ. 2011ರ ಜನಗಣತಿಯ ಹೊತ್ತಿಗೇ ದೇಶದ ಪಟ್ಟಣಗಳಲ್ಲಿ ಸುಮಾರು 1.11 ಕೋಟಿ ಮನೆಗಳು ಖಾಲಿ ಇದ್ದವು. ಬಹಳ ದೀರ್ಘ ಕಾಲದ ಲೆಕ್ಕ ಬೇಕೆಂದರೆ ಆಮ್‌ಸ್ಟರ್‌ಡ್ಯಾಮಿನ ಹೆರೆನ್‌ಗ್ರಾಕ್ಟ್ ಕಾಲುವೆಯ ದಂಡೆಯ ಮನೆಗಳದ್ದಿದೆ: 1628ರಿಂದ 1973ರವರೆಗೆ, ಹಣದುಬ್ಬರ ಕಳೆದ ಮೇಲೆ, ಅವುಗಳ ಬೆಲೆ ಹೆಚ್ಚೂಕಡಿಮೆ ಎರಡು ಪಟ್ಟು ಆಯಿತು, ಅಷ್ಟೆ. ಮೂರೂವರೆ ಶತಮಾನಕ್ಕೆ ಎರಡು ಪಟ್ಟು. ಭೂಮಿಯ ಬೆಲೆ ಬೀಳುವುದೇ ಇಲ್ಲ ಎಂದು ನಮ್ಮಷ್ಟೇ ಗಟ್ಟಿಯಾಗಿ ನಂಬಿದ್ದ ಜಪಾನಿನಲ್ಲಿ 1991ರಿಂದ ಬೆಲೆ ಇಳಿಯಲು ಸುರುವಾಗಿ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಯಿತು.

ಅಲ್ಲದೆ ‘ಮನೆಯ ಬೆಲೆ’ ಎನ್ನುವಾಗ ಎರಡು ವಸ್ತುಗಳನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ಜಾಗ ಬೆಳೆಯಬಹುದು, ಕಟ್ಟಡ ಸವೆಯುತ್ತದೆ. ಮಾಳಮಡ್ಡಿಯ ಒಂದು ಹಂಚಿನ ಮನೆಯನ್ನು ಹತ್ತಿರದಿಂದ ನೋಡಿ: ಸಾಗವಾನಿಯ ಎರಡು ಕದದ ಬಾಗಿಲು, ಹಿತ್ತಾಳೆಯ ಚಿಲಕ, ಪಡಸಾಲೆಯ ಶಹಾಬಾದ ಹಾಸು, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಆಪೂಸಿನ ಗಿಡ. ಮಾರುವವರು ಇಷ್ಟನ್ನೂ ಕೂಡಿಸುತ್ತಾರೆ. ಬರುವ ಗಿರಾಕಿ ಕೆಡವುವ ಖರ್ಚು, ಬಾವಿ ಮುಚ್ಚಿಸುವ ಖರ್ಚು, ಗಿಡ ಕಡಿಯಲು ಬೇಕಾದ ಅನುಮತಿ ಎಂದು ಕಳೆಯುತ್ತಾ ಹೋಗುತ್ತಾನೆ. ಅವನ ಲೆಕ್ಕ ಗುಂಟೆಯಲ್ಲಿ ನಡೆದಿರುತ್ತದೆ. ಅದೇ ಬಾಗಿಲನ್ನು ಇವರು ಆಸ್ತಿ ಎಂದು ಬರೆದುಕೊಂಡರೆ ಅವನು ರದ್ದಿ ಎಂದು ಬರೆದುಕೊಳ್ಳುತ್ತಾನೆ. ಇಬ್ಬರಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಆದರೆ ಕೊಡುವ ಹಣ ಅವನದು, ಆದ್ದರಿಂದ ಬೆಲೆ ನಿರ್ಧಾರವಾಗುವುದು ಅವನ ಲೆಕ್ಕದಲ್ಲಿ.

ಎರಡನೆಯ ಹೇಳಿಕೆಗೆ ಬರೋಣ: ಮಾರದಿದ್ದರೆ ನಷ್ಟವಿಲ್ಲ. ನಷ್ಟ ಎನ್ನುವುದು ಸಹಿ ಹಾಕುವ ಕ್ಷಣದಲ್ಲಿ ಹುಟ್ಟುತ್ತದೆ, ಅದಕ್ಕೆ ಮೊದಲು ಇರುವುದಿಲ್ಲ ಎಂಬ ಕಲ್ಪನೆ ಇದು. ಇದರ ದೌರ್ಬಲ್ಯ ಆದಾಯ ತೆರಿಗೆ ಕಟ್ಟುವಾಗ ತಾನಾಗಿಯೇ ಬಯಲಾಗುತ್ತದೆ. 2014–15ರಲ್ಲಿ ಒಬ್ಬರು 40 ಲಕ್ಷಕ್ಕೆ ಮನೆ ಕೊಂಡು 2024–25ರ ಕೊನೆಯಲ್ಲಿ 58 ಲಕ್ಷಕ್ಕೆ ಮಾರಿದರು ಎನ್ನಿ. ನೆಂಟರಿಷ್ಟರಲ್ಲಿ ಹದಿನೆಂಟು ಲಕ್ಷ ಲಾಭ ಎಂದೇ ಸುದ್ದಿ. ಆದರೆ 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಗೆ ಎರಡು ರೀತಿಯ ಲೆಕ್ಕದಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು: ಹಣದುಬ್ಬರ ಕಳೆಯದೆ ಶೇ 12.5, ಕಳೆದು ಶೇ 20. ಸರಕಾರದ್ದೇ ವೆಚ್ಚ ಹಣದುಬ್ಬರ ಸೂಚ್ಯಂಕ ಆ ಹತ್ತು ವರ್ಷದಲ್ಲಿ 240ರಿಂದ 363ಕ್ಕೆ ಏರಿದೆ. ಆ ಪ್ರಕಾರ 40 ಲಕ್ಷಕ್ಕೆ ಮಾರಿದ ವರ್ಷದ ಸಮಾನ ಬೆಲೆ 60.5 ಲಕ್ಷ. ಎರಡನೆಯ ಲೆಕ್ಕದಲ್ಲಿ ಲಾಭವೇ ಇಲ್ಲ, ತೆರಿಗೆಯೂ ಇಲ್ಲ. ಮೊದಲನೆಯದರಲ್ಲಿ ಎರಡೂಕಾಲು ಲಕ್ಷ. ಯಾವುದನ್ನು ಆರಿಸುತ್ತಾರೆ ಎಂದು ಕೇಳಬೇಕೇ? ಓಣಿಯಲ್ಲಿ ಹದಿನೆಂಟು ಲಕ್ಷ ಗಳಿಸಿದ ಮನುಷ್ಯರೇ ತೆರಿಗೆ ಫಾರ್ಮಿನಲ್ಲಿ ತಾವೇನೂ ಗಳಿಸಲಿಲ್ಲ ಎಂದು ಬರೆಯುತ್ತಾರೆ. ನನ್ನ ಪ್ರಕಾರ ಅವರು ನಿಜ ಹೇಳಿದ್ದು ಫಾರ್ಮಿನಲ್ಲಿ.

ಹಿಂದಿನದನ್ನು ಬಿಟ್ಟು ಮುಂದಿನದನ್ನು ನೋಡಿದರೂ ಲೆಕ್ಕ ಹೀಗೇ ಇದೆ. ಮನೆಗೆ ಇಂದು 60 ಲಕ್ಷ ಕೊಡುವವರಿದ್ದಾರೆ, ಮಾಲೀಕರಿಗೆ 70 ಬೇಕು. ನಾಲ್ಕು ವರ್ಷ ಕಾದರು, 70 ಬಂತು. ಹಠ ಗೆದ್ದಿತೇ? ಅದೇ 60 ಲಕ್ಷ ಶೇ 6.5ರ ಠೇವಣಿಯಲ್ಲಿ ನಾಲ್ಕು ವರ್ಷಕ್ಕೆ 77 ಲಕ್ಷ ದಾಟುತ್ತದೆ. ನಡುವೆ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ, ತಿಂಗಳಿಗೆ 12 ಸಾವಿರದಂತೆ ನಾಲ್ಕು ವರ್ಷಕ್ಕೆ 5.76 ಲಕ್ಷ, ಅದನ್ನು ಕೂಡಿಸಿದರೂ 76 ಲಕ್ಷ ಮುಟ್ಟುವುದಿಲ್ಲ, ಅದೂ ಮನೆಪಟ್ಟಿ, ರಿಪೇರಿ, ಬಾಡಿಗೆದಾರರಿಲ್ಲದ ತಿಂಗಳುಗಳನ್ನು ಕಳೆಯುವ ಮೊದಲು. ಎರಡೂ ದಾರಿಯಲ್ಲಿ ತೆರಿಗೆ ಉಂಟು, ಬಡ್ಡಿ ದರ ಏರಿಳಿಯುವುದುಂಟು. ಅಂಕಿ ಅತ್ತಿತ್ತ ಆಗಬಹುದು. ಮನೆಗೆ ಬೀಗ ಹಾಕಿದ್ದರೆ ಮಾತ್ರ ಯಾವ ಅತ್ತಿತ್ತಲೂ ಇಲ್ಲ. ಧಾರವಾಡದ ಮಳೆಗೆ ನಾಲ್ಕು ವರ್ಷ ಬಾಗಿಲು ತೆರೆಯದ ಹಂಚಿನ ಮನೆಯಲ್ಲಿ ಜಂತೆಗೆ ಗೆದ್ದಲು ಹಿಡಿದು, ಗೋಡೆ ಹಸಿಗಟ್ಟಿ, ಹಿತ್ತಲ ಗೋಡೆಯಲ್ಲಿ ಅರಳಿ ಗಿಡ ಬೇರು ಬಿಟ್ಟಿರುತ್ತದೆ. ಇದರ ಮೇಲೆ ಇನ್ನೊಂದು: ಬಹಳ ದಿನ ಮಾರಾಟಕ್ಕಿದ್ದ ಮನೆಯನ್ನು ಕಂಡರೆ ಗಿರಾಕಿಗೆ ಅನುಮಾನ ಹುಟ್ಟುತ್ತದೆ. “ಇಷ್ಟು ವರ್ಷ ಯಾಕ ಹೋಗಿಲ್ಲ? ಏನರೆ ತಕರಾರು ಇರಬೇಕು.” ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ ಪೇಟೆಯಲ್ಲಿ ಒಳ್ಳೆಯ ಮಾಲಿಗೂ ಕೆಟ್ಟ ಮಾಲಿನ ಬೆಲೆ ಬರುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿದ್ದರು, ಹಳೆಯ ಕಾರುಗಳ ಬಗ್ಗೆ ಹೇಳಿದ ಆ ಮಾತು ಹಳೆಯ ಫಲಕದ ಮನೆಗೂ ಸಲ್ಲುತ್ತದೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ನನಗೆ ಹಣದ ಜರೂರಿಲ್ಲ, ಠೇವಣಿ ಇಟ್ಟು ಬಡ್ಡಿ ಎಣಿಸುವ ಆಸೆಯೂ ಇಲ್ಲ, ಮನೆ ನನ್ನ ಅಪ್ಪ ಕಟ್ಟಿದ್ದು, ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಯಾರಾದರೂ ಹೇಳಿದರೆ? ಅವರೊಡನೆ ನನ್ನದೇನೂ ತಕರಾರಿಲ್ಲ. ಅವರು ಆ ನಾಲ್ಕು ದಿನಗಳಿಗೆ ವರ್ಷಕ್ಕೆ ಮೂರು–ನಾಲ್ಕು ಲಕ್ಷ ಕೊಡುತ್ತಿದ್ದಾರೆ. ತಿಳಿದೂ ಕೊಡುತ್ತಿದ್ದರೆ ಅದು ಅವರ ಖುಷಿ. ಆದರೆ ಅಂಥವರು ಗೇಟಿಗೆ ಫಲಕ ಕಟ್ಟುವುದಿಲ್ಲ. ಫಲಕ ಕಟ್ಟಿಯೂ ‘ಇಟ್ಟುಕೊಂಡರೆ ಏನು ಹೋಗುತ್ತದೆ’ ಎನ್ನುವವರನ್ನು ಕುರಿತೇ ನನ್ನ ಮಾತು.

ಇನ್ನು ಮೂರನೆಯದು, ಕಾದರೆ ಬರುತ್ತದೆ ಎನ್ನುವುದು. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಬಿಡಿಸಿ ತೋರಿಸುವುದೇ ಈ ಲೇಖನದ ಕಷ್ಟದ ಭಾಗ. ಒಂದು ಮನೆ ಇನ್ನೊಂದರಂತೆ ಇರುವುದಿಲ್ಲ. ಮಂದ ಪೇಟೆಯಲ್ಲಿ ತಿಂಗಳಿಗೆ ಒಬ್ಬಿಬ್ಬರು ಗಿರಾಕಿ ಬರಬಹುದು. ಮೊದಲ ಮೂವರಿಗೆ ಬಾಗಿಲು ದಕ್ಷಿಣಕ್ಕಿರುವುದೇ ಆಗಿಬರುವುದಿಲ್ಲ. ನಾಲ್ಕನೆಯವರು ಸಪ್ತಾಪುರದ ಕೋಚಿಂಗ್ ಕ್ಲಾಸಿನ ಹುಡುಗರಿಗೆ ಪಿ.ಜಿ. ನಡೆಸುವವರಾಗಿದ್ದು, ಬಾಗಿಲು ಯಾವ ದಿಕ್ಕಿಗಿದ್ದರೂ ಕೋಣೆಗಳೆಷ್ಟು ಎಂದಷ್ಟೇ ಕೇಳಬಹುದು. ಅವರಿಗೆ ಆ ಮನೆ ಉಳಿದವರಿಗಿಂತ ನಿಜಕ್ಕೂ ಹೆಚ್ಚು ಬಾಳುತ್ತದೆ. ಆದ್ದರಿಂದ ಮೊದಲು ಬಂದವರಿಗೇ ಕೊಟ್ಟುಬಿಡುವುದು ಜಾಣತನವಲ್ಲ. ತಕ್ಕ ಗಿರಾಕಿಗಾಗಿ ಕಾಯುವುದು ಪೂರಾ ವಿವೇಕದ ಕೆಲಸ. ಆದರೆ ತಕ್ಕ ಗಿರಾಕಿಗಾಗಿ ಕಾಯುವುದು ಬೇರೆ, ಪೇಟೆಯೇ ಏರಲಿ ಎಂದು ಕಾಯುವುದು ಬೇರೆ. ಎರಡನ್ನೂ ‘ಕಾಯುವುದು’ ಎಂದೇ ಕರೆಯುವುದರಿಂದ ಮೊದಲನೆಯದರ ವಿವೇಕ ಎರಡನೆಯದಕ್ಕೂ ಅಂಟಿಬಿಡುತ್ತದೆ. ಗುರುತಿಸುವುದು ಕಷ್ಟವಿಲ್ಲ. ಬಂದವರು ಹೇಳಿದ ಬೆಲೆಗಳು ಚದುರಿದ್ದರೆ, ಒಬ್ಬರು 50, ಒಬ್ಬರು 63, ಇನ್ನೊಬ್ಬರು 57 ಎಂದಿದ್ದರೆ, ಹುಡುಕುವುದು ಬಾಕಿ ಇದೆ. ಹತ್ತು ಮಂದಿ ಬಂದು ಹತ್ತೂ ಮಂದಿ 58ರಿಂದ 60ರ ಒಳಗೇ ನಿಂತಿದ್ದರೆ ಹನ್ನೊಂದನೆಯವರು 70 ಕೊಡುತ್ತಾರೆಂದು ನಂಬಲು ಕಾರಣವಿಲ್ಲ. ಯಾರೂ ಬರದೇ ಇದ್ದರೆ ಅದೂ ಒಂದು ಉತ್ತರ: ಹೇಳಿದ ಬೆಲೆ ಕೇಳಿಯೇ ಗಿರಾಕಿಗಳು ತಮ್ಮ ಮನೆಯಲ್ಲಿ ಉಳಿದಿದ್ದಾರೆ.

ಪೇಟೆ ಏರುತ್ತದೆಂದು ಕಾಯುವವರು ಊರಿಗೆ ಬರಲಿರುವ ಯಾವುದೋ ಯೋಜನೆಯನ್ನು ತೋರಿಸುತ್ತಾರೆ. ಈಗ ಪ್ರತ್ಯೇಕ ಪಾಲಿಕೆಯ ಸರದಿ. ಆದರೆ ಎಲ್ಲರಿಗೂ ಗೊತ್ತಿರುವ ಸುದ್ದಿ ಎಲ್ಲರ ಬೆಲೆಯಲ್ಲೂ ಆಗಲೇ ಸೇರಿರುತ್ತದೆ. ಬರಲಿರುವ ಏರಿಕೆಯನ್ನು ಇಂದಿನ ಬೆಲೆಯಲ್ಲೇ ಕೇಳಿ, ಅದು ಬರಲಿ ಎಂದು ಕಾಯುವುದೂ ಸರಿ ಎಂದರೆ ಒಂದೇ ಏರಿಕೆಯನ್ನು ಎರಡು ಸಲ ಎಣಿಸಿದಂತಾಯಿತು. ಐಐಟಿ ಬಂದದ್ದರಿಂದ ಚಿಕ್ಕಮಲ್ಲಿಗವಾಡದ ಸುತ್ತಿನ ಹೊಲಕ್ಕೆ ಬಂದ ಬೆಲೆ ಮಾಳಮಡ್ಡಿಯ ಹಿತ್ತಲಿಗೂ ಬರಬೇಕೆಂಬ ನಿಯಮವೂ ಇಲ್ಲ.

ಇನ್ನೊಂದು ಗೊಂದಲವಿದೆ. ಮಾರಿದ ಹಣದಲ್ಲಿ ಬಹಳಷ್ಟು ಮಂದಿ ಇನ್ನೊಂದು ಮನೆಯನ್ನೇ ಕೊಳ್ಳುತ್ತಾರೆ. ಪೇಟೆ ಶೇ 10 ಬಿದ್ದಿದೆ ಎನ್ನಿ. 60 ಲಕ್ಷದ ಮನೆ ಮಾರಿ ಅದೇ ಊರಲ್ಲಿ 90 ಲಕ್ಷದ ಮನೆ ಕೊಳ್ಳುವವರು ಮಾರುವಾಗ 6 ಕಳೆದುಕೊಂಡು ಕೊಳ್ಳುವಾಗ 9 ಉಳಿಸುತ್ತಾರೆ. ಮಂದ ಪೇಟೆ ಅವರಿಗೆ ಲಾಭ. 90ರ ದೊಡ್ಡ ಮನೆ ಮಾರಿ 60ರ ಚಿಕ್ಕದಕ್ಕೆ ಹೋಗುವ ವೃದ್ಧರಿಗೆ ನಷ್ಟವೇ, ಆದರೆ 9 ಅಲ್ಲ, 3. ಪೂರ್ತಿ ಪೆಟ್ಟು ಬೀಳುವುದು ಇಲ್ಲಿ ಮಾರಿ ಬೆಂಗಳೂರಿನಲ್ಲಿ ಕೊಳ್ಳುವವರಿಗೆ. ವಿಚಿತ್ರವೆಂದರೆ ಇಲ್ಲಿಯ ಬೆಲೆಗಾಗಿ ಹೆಚ್ಚು ಹಠ ಹಿಡಿಯುವವರೂ ಅವರೇ. ಅಲ್ಲಿಯ ಫ್ಲ್ಯಾಟಿನ ದರ ನೋಡಿ ಇಲ್ಲಿಯ ಮನೆಗೆ ಬೆಲೆ ಕಟ್ಟುತ್ತಾರೆ. ಚುರುಕು ಪೇಟೆಯಲ್ಲಿ ಕೊಳ್ಳಬೇಕಾದವರು ಮಂದ ಪೇಟೆಯಲ್ಲಿ ಕಾಯುತ್ತಾ ಕೂತಷ್ಟೂ ಎರಡರ ನಡುವಿನ ಅಂತರ ಹೆಚ್ಚುತ್ತದೆ. ಅವರ ಅಗತ್ಯಕ್ಕೂ ಈ ಮನೆಯ ಬೆಲೆಗೂ ಸಂಬಂಧವಿಲ್ಲ. ಗಿರಾಕಿ ಕೊಳ್ಳುತ್ತಿರುವುದು ಧಾರವಾಡದ ಜಾಗವನ್ನು.

ಪೇಟೆ ಮಂದವಾಗಿರುವುದರಲ್ಲಿ ಮಾರುವವರ ಕೈಯೂ ಇದೆ ಎಂಬುದನ್ನು ಅವರು ಒಪ್ಪುವುದಿಲ್ಲ, ಆದರೆ ಲೆಕ್ಕ ಸ್ಪಷ್ಟ. 30ರಿಂದ 75 ಲಕ್ಷದ ನಡುವಿನ ಗೃಹಸಾಲ ಮನೆಯ ಬೆಲೆಯ ಶೇ 80 ಮೀರುವಂತಿಲ್ಲ, ಅದೂ ಪತ್ರದಲ್ಲಿ ತೋರಿಸುವ ಬೆಲೆಗೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2 ಆಗಿ, ಪಟ್ಟಣದಲ್ಲಿ ಮುದ್ರಾಂಕ, ಸೆಸ್ಸು, ಅಧಿಭಾರ ಎಲ್ಲ ಕೂಡಿ ಶೇ 7.6. ಪೂರ್ತಿ 60 ಲಕ್ಷವನ್ನೂ ಪತ್ರದಲ್ಲೇ ತೋರಿಸಿದರೆ ಸಾಲ 48. ಗಿರಾಕಿ ಕೈಯಿಂದ ಹಾಕಬೇಕಾದದ್ದು 12, ಶುಲ್ಕ 4.56, ಒಟ್ಟು 16.56 ಲಕ್ಷ. 15 ಲಕ್ಷ ನಗದು ಬೇಕೆಂದರೆ ಪತ್ರ 45, ಸಾಲ 36, ಕೈಯಿಂದ 24, ಶುಲ್ಕ 3.42, ಒಟ್ಟು 27.42. ಪಗಾರದ ಮೇಲೆ ಬದುಕುವ ಕಾಲೇಜು ಅಧ್ಯಾಪಕರು, ನರ್ಸು, ಬ್ಯಾಂಕ್ ನೌಕರರು ಮೊದಲನೆಯದನ್ನು ಹೇಗೋ ಹೊಂದಿಸಿಯಾರು, ಎರಡನೆಯದು ಅವರ ಕೈಗೆ ಎಟುಕುವುದಿಲ್ಲ. ನಗದು ಕೇಳಿದವರು ಗಿರಾಕಿಗಳಲ್ಲಿ ಅತಿ ದೊಡ್ಡ ಗುಂಪನ್ನು ಗೇಟಿನಲ್ಲೇ ತಡೆದು, ಊರಲ್ಲಿ ಗಿರಾಕಿಗಳೇ ಇಲ್ಲ ಎನ್ನುತ್ತಾರೆ. (ಸಂಚಕಾರವೆಂದು 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು 2015ರಿಂದ ಕಾನೂನುಬಾಹಿರ, ಅದು ಬೇರೆಯೇ ಮಾತು.)

ಕೊಳ್ಳುವವರೇನೂ ಗೊಂದಲಮುಕ್ತರಲ್ಲ. ಇನ್ನೂ ಇಳಿಯಲಿ ಎಂದು ಕಾಯುವ ಗಿರಾಕಿ, ಮಾರುವವರ ನಂಬಿಕೆಯನ್ನೇ ತಿರುವಿ ಹಾಕಿಕೊಂಡಿರುತ್ತಾನೆ. ಆದರೆ ಅವನು ಕಾಯುವಾಗ ಬಾಡಿಗೆಯ ರೂಪದಲ್ಲಿ ಪ್ರತಿ ತಿಂಗಳೂ ಖರ್ಚು ಕಣ್ಣಿಗೆ ಕಾಣುತ್ತದೆ. ಮಾರುವವರ ಖರ್ಚು ಕಾಣುವುದಿಲ್ಲ, ಆದ್ದರಿಂದ ಅದು ಇಲ್ಲವೆಂದೇ ತೋರುತ್ತದೆ.

ಕೊನೆಗೊಂದು ಸಂಗತಿ ಉಳಿದಿದೆ. ಎಷ್ಟೋ ಮನೆಗಳಲ್ಲಿ ‘ಬೆಲೆ ಬಂದಿಲ್ಲ’ ಎಂಬ ಮಾತು ಬೆಲೆಯ ಬಗ್ಗೆ ಆಡಿದ್ದೇ ಅಲ್ಲ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿ, ಮರಣಪತ್ರ ಬರೆಯದೆ ತೀರಿಕೊಂಡ ಮನೆಯಲ್ಲಿ ಹೆಣ್ಣುಮಕ್ಕಳಿಗೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಸಮಪಾಲು. ಪಿತ್ರಾರ್ಜಿತದಲ್ಲಿ ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹಕ್ಕು ಕೊಟ್ಟಿತು, ಸುಪ್ರೀಂ ಕೋರ್ಟು 2020ರಲ್ಲಿ ಉಳಿದ ಅನುಮಾನವನ್ನೂ ತೀರಿಸಿತು. ಎಂದರೆ ವಾರಸುದಾರರು ನಾಲ್ವರಿದ್ದರೆ ಖರೇದಿ ಪತ್ರಕ್ಕೆ ನಾಲ್ವರ ಸಹಿಯೂ ಬೇಕು, ಅದಕ್ಕೆ ಮೊದಲು ನಾಲ್ವರು ಒಂದು ಕಡೆ ಕೂಡಬೇಕು, ತಂಗಿಯ ಪಾಲು ಎಷ್ಟೆಂಬುದನ್ನು ಬಾಯಿ ಬಿಟ್ಟು ಆಡಬೇಕು. ಅದಕ್ಕಿಂತ 70 ಬರಲಿ ನೋಡೋಣ ಎನ್ನುವುದು ಎಲ್ಲರಿಗೂ ಹಿತ. ಯಾರ ಮನಸ್ಸೂ ನೋಯುವುದಿಲ್ಲ. ಇದನ್ನು ನಾನು ಸಣ್ಣ ಮಾತೆಂದು ತಿಳಿದಿಲ್ಲ. ಆದರೆ ಅಲ್ಲಿ ಬೆಲೆ ಒಂದು ನೆಪವಾಗಿದೆ, ನೆಪವನ್ನು ಪರೀಕ್ಷಿಸುವ ಸರಳ ವಿಧಾನವೂ ಇದೆ. ಕೂಡಿ ಹಕ್ಕಿರುವ ಆಸ್ತಿಯನ್ನು ಹಂಚಲಾಗದಿದ್ದರೆ ಮಾರಿಸುವ, ಬೆಲೆ ಕಟ್ಟಿಸಿ ಪಾಲುದಾರರೇ ಕೊಳ್ಳುವ ಅವಕಾಶವನ್ನು 1893ರ ವಿಭಾಗ ಕಾಯ್ದೆಯಷ್ಟು ಹಿಂದೆಯೇ ಕೊಡಲಾಗಿದೆ. ಕೋರ್ಟಿಗೆ ಹೋಗದೆ ಪಡಸಾಲೆಯಲ್ಲೇ ಅದನ್ನು ನಡೆಸಬಹುದು. ನಾಲ್ವರಲ್ಲಿ 70ಕ್ಕೆ ಒಂದು ರೂಪಾಯಿಯೂ ಕಡಿಮೆ ಬೇಡ ಎನ್ನುವವರನ್ನು ಕೇಳಬೇಕು: ಆ ದರದಲ್ಲಿ ಒಂದು ಪಾಲು ಹದಿನೇಳೂವರೆ ಲಕ್ಷ, ಉಳಿದ ಮೂವರಿಗೆ ಐವತ್ತೆರಡೂವರೆ ಕೊಟ್ಟು ಮನೆ ನೀವೇ ಇಟ್ಟುಕೊಳ್ಳಿ. ನನ್ನ ಕೈಲಾಗದು, ನನಗೆ ಅಷ್ಟು ಬಾಳುವುದೂ ಇಲ್ಲ ಎಂದರೆ, ಹೊರಗಿನವರಿಗೆ ಯಾಕೆ ಬಾಳಬೇಕು ಎಂದು ಅವರೇ ಹೇಳಬೇಕಾಗುತ್ತದೆ. ಆಗಲಿ, ಕೊಡುತ್ತೇನೆ ಎಂದರೆ ಇನ್ನೂ ಒಳ್ಳೆಯದು: ಗಿರಾಕಿ ಮನೆಯೊಳಗೇ ಸಿಕ್ಕಂತಾಯಿತು, ಏಜಂಟರಿಗೆ ಕಮಿಷನ್ನೂ ಕೊಡಬೇಕಿಲ್ಲ.